ಕಷ್ಟ ಬಂದಾಗ ಮೊದಲು ಏನನ್ನು ಬಿಡಬೇಕು? ಹಳ್ಳಿಯ ಮನೆಗೆ ಒಂದು ಲೆಕ್ಕದ ದಾರಿ

ಒಂದೇ ಬರ, ಅಕ್ಕಪಕ್ಕದ ಎರಡು ಮನೆ. ಇಬ್ಬರಿಗೂ ಹೆಚ್ಚೂಕಡಿಮೆ ಅಷ್ಟೇ ಹೊಲ, ಅಷ್ಟೇ ಬಾಯಿ. ಎರಡು ವರ್ಷ ಕಳೆದು ನೋಡಿದರೆ ಒಂದು ಮನೆಯವರು ಎಂದಿನಂತೆ ಬಿತ್ತನೆ ಮಾಡುತ್ತಿದ್ದಾರೆ. ಇನ್ನೊಂದು ಮನೆಯಲ್ಲಿ ಎತ್ತಿಲ್ಲ, ಹೊಲ ಸಾಲ ಕೊಟ್ಟವನ ಕೈಯಲ್ಲಿದೆ, ದೊಡ್ಡ ಮಗ ಶಾಲೆ ಬಿಟ್ಟಿದ್ದಾನೆ. ಹಳ್ಳಿ ಬಲ್ಲವರೆಲ್ಲ ಇಂಥ ಜೋಡಿಯನ್ನು ನೋಡಿರುತ್ತಾರೆ. ಜನ ಇದನ್ನು ಹಣೆಬರಹ ಅಂತಾರೆ. ನನಗೇನೋ ಹಾಗನ್ನಿಸುವುದಿಲ್ಲ. ಬರದ ಮೊದಲ ಮೂರು ತಿಂಗಳಲ್ಲಿ ಯಾವ ಮನೆ ಏನನ್ನು ಬಿಟ್ಟುಕೊಟ್ಟಿತು ಎಂದು ಕೇಳಿ ನೋಡಿ. ಉತ್ತರದ ಬಹುಪಾಲು ಅಲ್ಲೇ ಸಿಗುತ್ತದೆ.

ಏನನ್ನು ಬಿಡಬೇಕು ಎಂದು ಕಷ್ಟದ ನಡುವೆ ಕೂತು ಯೋಚಿಸಲು ಹೋದರೆ, ಕೈಗೆ ಸಿಕ್ಕಿದ್ದನ್ನು ಮಾರುತ್ತೇವೆ, ಕೇಳಿದ ಬಡ್ಡಿಗೆ ಸಾಲ ಎತ್ತುತ್ತೇವೆ. ಅದನ್ನೇ ಒಳ್ಳೆಯ ದಿನದಲ್ಲಿ, ಮನೆಮಂದಿಯೆಲ್ಲ ಸೇರಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಹೇಗೆ ಎಂಬುದಷ್ಟೇ ಈ ಲೇಖನ. ಒಂದು ನೋಟ್‌ಬುಕ್ ಬೇಕು, ಒಂದೆರಡು ಸಂಜೆ ಬೇಕು. ಸಾಲದ ವಿಷಯ ಮುಚ್ಚಿಡದೆ ಮಾತಾಡುವ ಧೈರ್ಯವೂ ಸ್ವಲ್ಪ ಬೇಕು.

ಶುರು ಮಾಡುವ ಮೊದಲು ಒಂದು ಮಾತು. ಬಡತನ ಬೇರೆ, ಪೆಟ್ಟು ಬಿದ್ದಾಗ ಬೇಗ ಕುಸಿಯುವುದು ಬೇರೆ. ಗ್ರಾಮೀಣ ಬದುಕನ್ನು ಅಧ್ಯಯನ ಮಾಡಿದ ರಾಬರ್ಟ್ ಚೇಂಬರ್ಸ್ 1989ರಲ್ಲೇ ಈ ಎರಡನ್ನೂ ಬಿಡಿಸಿ ತೋರಿಸಿದ್ದರು. ಹೊರಗಿನಿಂದ ಎಂಥ ಪೆಟ್ಟು ಬೀಳಬಹುದು ಎಂಬುದು ಒಂದು ಕಡೆ. ಅದನ್ನು ತಡೆಯಲು ಒಳಗೆ ಏನಿದೆ ಎಂಬುದು ಇನ್ನೊಂದು ಕಡೆ. ಎರಡೆಕರೆ ಇದ್ದು ಸಾಲ ಇಲ್ಲದ ಮನೆ ಒಂದು ಕೆಟ್ಟ ವರ್ಷವನ್ನು ಹೇಗೋ ದಾಟಬಹುದು. ಸಾಲದ ಮೇಲೆ ಟ್ರ್ಯಾಕ್ಟರ್ ತಂದು, ಪೂರ್ತಿ ಹೊಲಕ್ಕೆ ಒಂದೇ ಬೆಳೆ ಹಾಕಿದ ದೊಡ್ಡ ಮನೆ ಅದೇ ವರ್ಷ ಮುಗ್ಗರಿಸಬಹುದು. ಹಾಗಾಗಿ 'ನಾವು ಅನುಕೂಲಸ್ಥರು, ಇದೆಲ್ಲ ನಮಗಲ್ಲ' ಅಂತ ಪುಟ ಮುಚ್ಚಬೇಡಿ.

ಹಂತ 1: ಯಾವ ಪೆಟ್ಟು ಒಬ್ಬರಿಗೆ, ಯಾವುದು ಊರಿಗೆಲ್ಲ?

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಿಮ್ಮ ಮನೆಗೆ, ಸುತ್ತಲಿನ ಮನೆಗಳಿಗೆ ಬಂದ ದೊಡ್ಡ ಕಷ್ಟಗಳನ್ನು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ. ಯಾವ ವರ್ಷ ಏನು ಮಾರಿದ್ದು, ಯಾಕೆ ಮಾರಿದ್ದು ಅನ್ನುವುದನ್ನು ಅವರು ಮರೆತಿರುವುದಿಲ್ಲ.

ಪುಟದ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಗಡೆ, ಒಂದು ಮನೆಗೆ ಮಾತ್ರ ಬರುವ ಕಷ್ಟ: ಕಾಯಿಲೆ, ದುಡಿಯುವವರ ಸಾವು, ಹಸು ಸತ್ತಿದ್ದು, ಕಳ್ಳತನ, ಬೆಂಕಿ. ಬಲಗಡೆ, ಊರಿಗೆಲ್ಲ ಒಟ್ಟಿಗೆ ಬರುವ ಕಷ್ಟ: ಬರ, ನೆರೆ, ಬೆಳೆಯ ಬೆಲೆ ಬಿದ್ದಿದ್ದು, ದನಗಳ ಸಾಂಕ್ರಾಮಿಕ ರೋಗ, ನಗರದಲ್ಲಿ ಕೆಲಸ ನಿಂತು ಹುಡುಗರೆಲ್ಲ ವಾಪಸ್ ಬಂದಿದ್ದು.

ಈ ಗೆರೆ ಸುಮ್ನೆ ಎಳೆಯುವುದಲ್ಲ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ನಿಮ್ಮೊಬ್ಬರಿಗೆ ಕಷ್ಟ ಬಂದರೆ ಪಕ್ಕದ ಮನೆಯವರು ಕೈಸಾಲ ಕೊಡುತ್ತಾರೆ, ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆ, ಆಡು ಮಾರಿದರೆ ಸರಿಯಾದ ಬೆಲೆ ಬರುತ್ತದೆ. ಊರಿಗೆಲ್ಲ ಬಂದರೆ ಈ ಮೂರೂ ಒಟ್ಟಿಗೆ ಕೈಕೊಡುತ್ತವೆ.

ದಕ್ಷಿಣ ಭಾರತದ ಅರೆಶುಷ್ಕ ಪ್ರದೇಶದ ಮೂರು ಹಳ್ಳಿಗಳಲ್ಲಿ, ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಹತ್ತು ವರ್ಷ ಮನೆಮನೆಯ ಲೆಕ್ಕ ಇಟ್ಟಿತ್ತು. ಅದನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ ಒಂದು ವಿಷಯ ತೋರಿಸಿದರು. ಒಂದು ಮನೆಯ ಆದಾಯ ಬಿದ್ದಾಗ ಆ ಮನೆಯ ಊಟ, ಖರ್ಚು ಅಷ್ಟೇ ಪ್ರಮಾಣದಲ್ಲಿ ಬೀಳುತ್ತಿರಲಿಲ್ಲ. ಊರಿನ ಒಟ್ಟು ಸ್ಥಿತಿಯ ಜೊತೆಗೇ ಅದು ಏರಿಳಿಯುತ್ತಿತ್ತು. ಕೊಡುಕೊಳ್ಳುವಿಕೆಯ ಬಲ ಇಷ್ಟೊಂದು ಇರುತ್ತದೆ. ಆದರೆ ಭೂಮಿ ಇಲ್ಲದವರಿಗೆ ಈ ಆಸರೆ ಎಲ್ಲ ಕಡೆ ಅಷ್ಟಾಗಿ ಸಿಕ್ಕಿರಲಿಲ್ಲ. ನಿಮ್ಮ ಹತ್ತಿರ ಹೊಲ ಇಲ್ಲದಿದ್ದರೆ 'ಊರವರು ನೋಡ್ಕೋತಾರೆ' ಅನ್ನುವ ಭರವಸೆಯನ್ನು ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.

ಎಡಗಡೆಯ ಪಟ್ಟಿಯಲ್ಲಿ ಕಾಯಿಲೆಗೆ ಅಡಿಗೆರೆ ಹಾಕಿ. ಬರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮನೆಗಳನ್ನು ಸದ್ದಿಲ್ಲದೆ ಕೆಳಗಿಳಿಸುವುದು ಹೆಚ್ಚಾಗಿ ಆಸ್ಪತ್ರೆಯ ಖರ್ಚು. ಸಂಶೋಧಕ ಅನಿರುದ್ಧ ಕೃಷ್ಣ ರಾಜಸ್ಥಾನ, ಗುಜರಾತ್, ಕೀನ್ಯಾ, ಉಗಾಂಡ, ಪೆರು ಹೀಗೆ ಹಲವು ಕಡೆಯ ಹಳ್ಳಿಗಳಲ್ಲಿ ಜನರನ್ನೇ ಕೂರಿಸಿಕೊಂಡು 'ಯಾವ ಮನೆ ಯಾಕೆ ಬಡವಾಯಿತು' ಎಂದು ಕೇಳುತ್ತಾ ಹೋದರು. ಕಾಯಿಲೆ ಮತ್ತು ಅದಕ್ಕಾಗಿ ಮಾಡಿದ ಸಾಲ ಎಂಬ ಉತ್ತರವೇ ಮತ್ತೆ ಮತ್ತೆ ಮುಂದೆ ಬಂತು.

ಹಂತ 2: ಆದಾಯಗಳು ಒಟ್ಟಿಗೆ ಬೀಳುತ್ತವೆಯೇ ನೋಡಿ

ಹನ್ನೆರಡು ತಿಂಗಳ ಹೆಸರು ಸಾಲಾಗಿ ಬರೆಯಿರಿ. ಯಾವ ತಿಂಗಳು ಯಾವ ಮೂಲದಿಂದ ಎಷ್ಟು ಬರುತ್ತದೆ ಎಂದು ತುಂಬಿ. ಖಾಲಿ ತಿಂಗಳುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಕೊಯ್ಲಿಗೆ ಮುಂಚಿನ ಎರಡು ಮೂರು ತಿಂಗಳು ಬಹಳ ಕಡೆ ಹೀಗೇ ಇರುತ್ತವೆ.

ಈಗ ಪ್ರತಿ ಮೂಲದ ಮುಂದೆ ಒಂದು ಪ್ರಶ್ನೆ ಹಾಕಿ: ಮಳೆ ಕೈಕೊಟ್ಟರೆ ಇದು ನಿಲ್ಲುತ್ತದೆಯೇ?

'ನಮಗೆ ನಾಲ್ಕು ಕಡೆಯಿಂದ ಬರುತ್ತದೆ' ಅನ್ನುವ ಮನೆಗಳು ಇಲ್ಲಿ ಬೆಚ್ಚಿ ಬೀಳುವುದುಂಟು. ಹೊಲ ಒಂದು. ಬೇರೆಯವರ ಹೊಲದ ಕೂಲಿ ಎರಡು. ಹಸುವಿನ ಹಾಲು ಮೂರು. ಊರೊಳಗಿನ ಸಣ್ಣ ಅಂಗಡಿ ನಾಲ್ಕು. ಬರ ಬಂದರೆ ಬೆಳೆ ಇಲ್ಲ, ಕೂಲಿ ಇಲ್ಲ, ಮೇವಿಲ್ಲದೆ ಹಾಲಿಲ್ಲ, ಊರವರ ಕೈಯಲ್ಲಿ ಕಾಸಿಲ್ಲದೆ ವ್ಯಾಪಾರವೂ ಇಲ್ಲ. ಹೆಸರು ನಾಲ್ಕಾದರೂ ಆಧಾರ ಒಂದೇ ಮಳೆ. ಹೊಸ ಕಸುಬಿಗೆ ಕೈ ಹಾಕುವಾಗ ಅದು ಎಷ್ಟು ಲಾಭ ತರುತ್ತದೆ ಎಂಬುದಕ್ಕಿಂತ ಹೊಲ ಕೆಟ್ಟ ವರ್ಷದಲ್ಲೂ ನಡೆಯುತ್ತದಾ ಎಂದು ಮೊದಲು ನೋಡಿ. ಕಡಿಮೆ ಬಂದರೂ ಬೇರೆ ಆಧಾರದ ಮೇಲೆ ನಿಂತ ಆದಾಯ ಕೆಟ್ಟ ವರ್ಷದಲ್ಲಿ ಹೆಚ್ಚು ಬೆಲೆಬಾಳುತ್ತದೆ.

ದೂರದ ನೆಂಟಸ್ತಿಕೆಗೂ ಇಲ್ಲಿ ಜಾಗವಿದೆ. ಅದೇ ಇಕ್ರಿಸ್ಯಾಟ್ ಹಳ್ಳಿಗಳ ಲೆಕ್ಕವನ್ನು ನೋಡಿದ ಮಾರ್ಕ್ ರೋಸೆನ್‌ಜ್ವೀಗ್ ಮತ್ತು ಒಡೆಡ್ ಸ್ಟಾರ್ಕ್ 1989ರಲ್ಲಿ ಒಂದು ಕುತೂಹಲದ ವಿಷಯ ಬರೆದರು. ಹೆಣ್ಣುಮಕ್ಕಳನ್ನು ದೂರದೂರಿಗೆ ಮದುವೆ ಮಾಡಿಕೊಟ್ಟ ಮನೆಗಳ ಊಟ-ಖರ್ಚು ಕೆಟ್ಟ ವರ್ಷದಲ್ಲಿ ಕಡಿಮೆ ಏರುಪೇರಾಗುತ್ತಿತ್ತಂತೆ. ಒಂದೂರಿಗೆ ಮಳೆ ಇಲ್ಲದಾಗ ಇನ್ನೊಂದೂರಿಗೆ ಇರುತ್ತದೆ, ಅಷ್ಟೇ. ಸಂಬಂಧ ಹುಡುಕುವಾಗ ಮಳೆಯ ಲೆಕ್ಕ ನೋಡಿ ಅಂತ ನಾನು ಹೇಳುತ್ತಿಲ್ಲ! ನಿಮ್ಮ ಕಷ್ಟ ಹಬ್ಬದಷ್ಟು ದೂರದಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಪಟ್ಟಿಯಲ್ಲಿ ಬರೆದಿಡಿ ಸಾಕು.

ಅವರಿಂದ ಹಣ ಬೇಗ ತಲುಪುವ ದಾರಿಯೂ ಇರಬೇಕು. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಶುರುವಾಯಿತು. ವಿಲಿಯಂ ಜ್ಯಾಕ್ ಮತ್ತು ತವನೀತ್ ಸೂರಿ ಅಲ್ಲಿನ ಮನೆಗಳನ್ನು ಹೋಲಿಸಿ ನೋಡಿದರು. ಆದಾಯಕ್ಕೆ ಪೆಟ್ಟು ಬಿದ್ದಾಗ ಈ ಸೇವೆ ಬಳಸದ ಮನೆಗಳ ಖರ್ಚು ಸುಮಾರು ಶೇ. 7ರಷ್ಟು ಇಳಿಯಿತು. ಬಳಸುತ್ತಿದ್ದ ಮನೆಗಳಲ್ಲಿ ಹಾಗೆ ಇಳಿಯಲಿಲ್ಲ. ಕೊಡುವವರು ಮೊದಲೂ ಇದ್ದರು, ತಲುಪಿಸುವ ದಾರಿ ಹೊಸದು. ಆದ್ದರಿಂದ ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಮೊಬೈಲ್‌ನಲ್ಲಿ ಹಣ ತರಿಸಿಕೊಳ್ಳಲು ಬರಬೇಕು. ಒಬ್ಬರಿಗೆ ಮಾತ್ರ ಬಂದು, ಆಸ್ಪತ್ರೆಯಲ್ಲಿ ಮಲಗಿರುವುದೂ ಅವರೇ ಆದರೆ ಏನು ಗತಿ, ಅಲ್ವಾ?

ಹಂತ 3: ಎಷ್ಟು ತಿಂಗಳು ತಡೆಯುತ್ತದೆ?

ಈ ಹಂತಕ್ಕೆ ಸಮಯ ಕೊಡಿ. ಆತುರ ಬೇಡ.

ಮೊದಲು ಮನೆಯ ಕನಿಷ್ಠ ತಿಂಗಳ ಖರ್ಚು ಹಿಡಿಯಿರಿ. ಬಟ್ಟೆಬರೆ, ಹಬ್ಬಹರಿದಿನ, ದುರಸ್ತಿ ಎಲ್ಲ ಬಿಟ್ಟು, ನಿಲ್ಲಿಸಲಾಗದ್ದು ಮಾತ್ರ. ಅಡುಗೆಮನೆ ನಡೆಸುವವರನ್ನು ಕೇಳದೆ ಈ ಅಂಕಿ ಬರೆಯಬೇಡಿ. ಬೇರೆಯವರು ಹೇಳುವ ಅಂಕಿ ಯಾವಾಗಲೂ ಕಡಿಮೆಯೇ ಇರುತ್ತದೆ.

ಒಂದು ಉದಾಹರಣೆ ಮಾಡಿ ನೋಡೋಣ. ಕನಿಷ್ಠ ತಿಂಗಳ ಖರ್ಚು 100 ಪಾಲು ಅಂತಿಟ್ಟುಕೊಳ್ಳಿ. ಊಟಕ್ಕೆ 50, ಸಾಲದ ಕಂತಿಗೆ 20, ಔಷಧಿ, ಶಾಲೆ, ಕರೆಂಟು, ಓಡಾಟಕ್ಕೆ 30. ಮನೆಯಲ್ಲಿ ನಾಲ್ಕು ತಿಂಗಳಿಗಾಗುವಷ್ಟು ಧಾನ್ಯ ಇದೆ, ಅದರಿಂದ ಊಟದ ಖರ್ಚಿನಲ್ಲಿ ತಿಂಗಳಿಗೆ 30 ಪಾಲು ಉಳಿಯುತ್ತದೆ. ಅಂದರೆ ಮೊದಲ ನಾಲ್ಕು ತಿಂಗಳು ಕೈಯಿಂದ ಹೋಗುವುದು 70 ಮಾತ್ರ. ಕೈಯಲ್ಲಿರುವ ನಗದು, ಬ್ಯಾಂಕಿನ ಉಳಿತಾಯ ಸೇರಿ 210. ನಾಲ್ಕು ಆಡಿವೆ, ಮಾಮೂಲಿ ದಿನದಲ್ಲಿ ಒಂದಕ್ಕೆ 60 ಸಿಗುತ್ತದೆ, ಒಟ್ಟು 240.

ದುಡಿಯುವವರ ಕಾಲು ಮುರಿದು ಆದಾಯ ಪೂರ್ತಿ ನಿಂತಿತು ಅನ್ನಿ. 210ರಲ್ಲಿ ಮೂರು ತಿಂಗಳು ಕಳೆಯುತ್ತದೆ. ಆಮೇಲೆ ಆಡು ಮಾರಿದರೆ 240 ಬರುತ್ತದೆ. ನಾಲ್ಕನೇ ತಿಂಗಳಿಗೆ 70, ಧಾನ್ಯ ಮುಗಿದ ಐದನೇ ತಿಂಗಳಿಗೆ 100. ಉಳಿದ 70ರಲ್ಲಿ ಇನ್ನು 21 ದಿನ. ಒಟ್ಟು ಐದು ತಿಂಗಳು 21 ದಿನ.

ಅದೇ ಮನೆಗೆ ಬರ ಬಂತು ಅನ್ನಿ. ಮೂರು ತಿಂಗಳು ಹಾಗೇ ಕಳೆಯುತ್ತದೆ. ನಾಲ್ಕನೇ ತಿಂಗಳು ಆಡು ಹೊಡೆದುಕೊಂಡು ಸಂತೆಗೆ ಹೋದರೆ ಊರಿನವರೆಲ್ಲ ಆಡು ಹಿಡಿದು ನಿಂತಿದ್ದಾರೆ. ಬೆಲೆ ಅರ್ಧಕ್ಕೆ ಇಳಿದಿದೆ, 240ರ ಬದಲು 120. ನಾಲ್ಕನೇ ತಿಂಗಳಿಗೆ 70 ಹೋಗಿ ಉಳಿದದ್ದು 50. ಐದನೇ ತಿಂಗಳು ಕೊಂಡು ತಿನ್ನಬೇಕು, ಧಾನ್ಯದ ಬೆಲೆ ಏರಿ ಊಟದ ಖರ್ಚು 50ರಿಂದ 75ಕ್ಕೆ ಹೋಗಿದೆ. ತಿಂಗಳ ಖರ್ಚು ಈಗ 125. ಉಳಿದ 50ರಲ್ಲಿ 12 ದಿನ. ಒಟ್ಟು ನಾಲ್ಕು ತಿಂಗಳು 12 ದಿನ. ಅದೇ ಮನೆ, ಅದೇ ಆಸ್ತಿ, ಸುಮಾರು ನಲವತ್ತು ದಿನ ಕಡಿಮೆ.

ಇನ್ನೊಂದು ರೀತಿಯ ಪೆಟ್ಟೂ ಇದೆ. ರಾತ್ರೋರಾತ್ರಿ ಆಸ್ಪತ್ರೆಗೆ 180 ಕಟ್ಟಬೇಕಾಯಿತು ಅನ್ನಿ. 210ರಲ್ಲಿ ಉಳಿದದ್ದು 30. ಮೂರು ತಿಂಗಳು ಬರುತ್ತದೆ ಅಂದುಕೊಂಡಿದ್ದ ನಗದು ಎರಡು ವಾರಕ್ಕೂ ಬರುವುದಿಲ್ಲ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಒಂದಲ್ಲ, ಮೂರು ಅಂಕಿ ಇರಲಿ. ನಮ್ಮೊಬ್ಬರಿಗೆ ಕಷ್ಟ ಬಂದರೆ ಎಷ್ಟು ತಿಂಗಳು? ಊರಿಗೆಲ್ಲ ಬಂದರೆ ಎಷ್ಟು ತಿಂಗಳು? ಏನನ್ನೂ ಮಾರದೆ ಮೂರು ದಿನದಲ್ಲಿ ಎಷ್ಟು ಹಣ ಕೂಡಿಸಬಲ್ಲೆವು?

ಬೆಲೆಗಳು ಹೀಗೆ ಎದುರುಬದುರಾಗಿ ಓಡುವುದರಿಂದ ಏನಾಗಬಹುದು ಎಂಬುದಕ್ಕೆ 1943ರ ಬಂಗಾಳದ ಕ್ಷಾಮ ಸಾಕ್ಷಿ. ಅಮರ್ತ್ಯ ಸೇನ್ ವಿವರಿಸಿದಂತೆ ಅಲ್ಲಿ ಹೆಚ್ಚು ನಲುಗಿದ್ದು ಕೃಷಿ ಕೂಲಿಗಳು, ಮೀನುಗಾರರು, ಸಾಗಣೆ ಕೆಲಸದವರು, ಭತ್ತ ಕುಟ್ಟುವವರು. ಅವರ ದುಡಿಮೆಗೆ, ಅವರು ಮಾರುವ ವಸ್ತುವಿಗೆ ಸಿಗುತ್ತಿದ್ದ ಅಕ್ಕಿ ಕುಗ್ಗುತ್ತಾ ಹೋಯಿತು. ಪಾಲಿಗೆ ಹೊಲ ಮಾಡಿ ಧಾನ್ಯದಲ್ಲೇ ಪಾಲು ಪಡೆಯುತ್ತಿದ್ದವರಿಗೆ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ನಿಮ್ಮ ಮನೆ ಧಾನ್ಯ ಕೊಳ್ಳುವ ಮನೆಯೋ ಮಾರುವ ಮನೆಯೋ ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಎಷ್ಟೋ ರೈತರ ಮನೆ ಕೊಯ್ಲಿನಲ್ಲಿ ಮಾರಿ, ಆರು ತಿಂಗಳು ಕಳೆದು ಹೆಚ್ಚಿನ ಬೆಲೆಗೆ ಕೊಳ್ಳುತ್ತದೆ. ಆ ಮನೆ ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 4: ಮಾರುವ ಸಾಲು

ಮನೆಯಲ್ಲಿರುವುದೆಲ್ಲವನ್ನೂ ಮೂರು ಗುಂಪು ಮಾಡಿ.

ಮೊದಲ ಗುಂಪು, ಹೋದರೆ ಮುಂದಿನ ವರ್ಷದ ದುಡಿಮೆಗೆ ಅಡ್ಡಿಯಾಗದ್ದು: ನಗದು, ಹೆಚ್ಚುವರಿ ಧಾನ್ಯ, ಒಡವೆ, ಕೋಳಿ, ಆಡು, ಬಳಸದೆ ಬಿದ್ದಿರುವ ಗಾಡಿ. ಎರಡನೆಯದು, ದುಡಿದು ಕೊಡುವುದಾದರೂ ಒಂದೆರಡು ವರ್ಷದಲ್ಲಿ ಮತ್ತೆ ಕೊಳ್ಳಬಹುದಾದ್ದು: ಮೂರು ಹಸುವಿನಲ್ಲಿ ಒಂದು, ಎರಡನೇ ಪಂಪ್‌ಸೆಟ್. ಮೂರನೆಯದು, ಹೋದರೆ ಮರಳಿ ಬರದ್ದು: ಹೊಲ, ಉಳುವ ಎತ್ತು, ಬಿತ್ತನೆ ಬೀಜ, ಇರುವ ಒಂದೇ ಹಸು, ಕಸುಬಿನ ಯಂತ್ರ, ಮಕ್ಕಳ ಶಾಲೆ, ಚಿಕ್ಕ ಮಕ್ಕಳ ಊಟ.

ಕೊನೆಯ ಎರಡನ್ನು ಆಸ್ತಿಯ ಪಟ್ಟಿಗೆ ಸೇರಿಸಿದ್ದು ಬೇಕೆಂದೇ. ಯಾಕೆ ಅಂತ ಹೇಳುತ್ತೇನೆ.

ಕಷ್ಟ ಬಂದರೆ ಹಳ್ಳಿಯವರು ದನ ಮಾರಿ ಊಟ ಮಾಡುತ್ತಾರೆ ಎಂದು ಪಂಡಿತರು ಬಹಳ ಕಾಲ ನಂಬಿದ್ದರು. 1980ರ ದಶಕದ ಮೊದಲ ಭಾಗದಲ್ಲಿ ಬುರ್ಕಿನಾ ಫಾಸೊ ದೇಶಕ್ಕೆ ಭಾರೀ ಬರ ಬಂತು. ಅಲ್ಲಿನ ಹಳ್ಳಿಗಳ ಲೆಕ್ಕ ತೆಗೆದರೆ ದನ ಮಾರಿ ತುಂಬಿಕೊಂಡಿದ್ದು ಕಳೆದುಕೊಂಡ ಆದಾಯದ ಶೇ. 15ರಿಂದ 30ರಷ್ಟು ಮಾತ್ರ. ಎಷ್ಟೋ ಮನೆಗಳು ದನ ಇಟ್ಟುಕೊಂಡು ಹೊಟ್ಟೆ ಕಟ್ಟಿದವು. ದನ ಹೋದರೆ ಮುಂದಿನ ಬದುಕೇ ಹೋಯಿತು ಎಂಬ ಅವರ ಲೆಕ್ಕ ತಪ್ಪೇನಲ್ಲ. ಆದರೆ ಹೊಟ್ಟೆ ಕಟ್ಟುವುದೂ ಒಂದು ಮಾರಾಟವೇ. ಅದಕ್ಕೆ ಸಂತೆ ಇಲ್ಲ, ರಸೀದಿ ಇಲ್ಲ, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ.

ಜಿಂಬಾಬ್ವೆಯಲ್ಲಿ 1994–95ರ ಬರದ ನಂತರ ಜಾನ್ ಹಾಡಿನಾಟ್ ಮತ್ತು ಬಿಲ್ ಕಿನ್ಸಿ ಮಕ್ಕಳ ಎತ್ತರ ಅಳೆದು ನೋಡಿದರು. ಬರದ ಸಮಯದಲ್ಲಿ ಒಂದರಿಂದ ಎರಡು ವರ್ಷದೊಳಗಿದ್ದ ಮಕ್ಕಳು ಒಂದೂವರೆಯಿಂದ ಎರಡು ಸೆಂಟಿಮೀಟರ್ ಬೆಳವಣಿಗೆ ಕಳೆದುಕೊಂಡಿದ್ದರು. ಬಡ ಮನೆಗಳಲ್ಲಿ ಅದು ಆಮೇಲೂ ತುಂಬಿ ಬರಲಿಲ್ಲ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಅಷ್ಟು ಹಾನಿ ಕಾಣಲಿಲ್ಲ. ದೊಡ್ಡವರ ತೂಕ ಒಳ್ಳೆಯ ಕೊಯ್ಲು ಬಂದರೆ ಮರಳುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಆ ಅವಕಾಶ ಕಡಿಮೆ. ಮನೆಯಲ್ಲಿ ಅಂಥ ಮಗು ಅಥವಾ ಬಸುರಿ ಇದ್ದರೆ ಅವರ ಊಟವನ್ನು ಮೂರನೇ ಗುಂಪಿನಲ್ಲಿ, ಹೊಲದ ಪಕ್ಕದಲ್ಲೇ ಬರೆಯಿರಿ. ಎರಡನೇ ಹಸುವನ್ನು ಉಳಿಸಲು ಆ ಮಗುವಿನ ಹಾಲು ಕಡಿಮೆ ಮಾಡುವ ಪ್ರಶ್ನೆಯೇ ಏಳಬಾರದು.

ಉಳುವ ಎತ್ತಿನ ಕಥೆ ಇನ್ನೊಂದು. ಆ ದಕ್ಷಿಣ ಭಾರತದ ಹಳ್ಳಿಗಳಲ್ಲೇ ರೈತರು ಕೆಟ್ಟ ವರ್ಷ ಎತ್ತು ಮಾರಿ, ಒಳ್ಳೆಯ ವರ್ಷ ಕೊಳ್ಳುತ್ತಿದ್ದುದನ್ನು 1993ರ ಒಂದು ಅಧ್ಯಯನ ಗುರುತಿಸಿತು. ಊಟ ನಡೆಯಿತು ನಿಜ. ಆದರೆ ಹದವಾದ ಮಳೆ ಬಂದ ದಿನ ಎತ್ತಿಲ್ಲದವರು ಬಾಡಿಗೆಗೆ ಕಾಯಬೇಕು, ಕಾದಷ್ಟೂ ಇಳುವರಿ ಇಳಿಯುತ್ತದೆ. ಎತ್ತಿನ ಜಾಗದಲ್ಲಿ ಇವತ್ತು ಪಂಪ್‌ಸೆಟ್, ಹೊಲಿಗೆ ಯಂತ್ರ, ಸರಕು ಸಾಗಿಸುವ ಗಾಡಿ ಏನೇ ಇರಲಿ, ವಿಷಯ ಅದೇ.

ಸಾಲು ಬರೆದ ಮೇಲೆ ಪ್ರತಿ ವಸ್ತುವಿನ ಮುಂದೆ ಎರಡು ಬೆಲೆ ಹಾಕಿ: ಮಾಮೂಲಿ ಬೆಲೆ, ಎಲ್ಲರೂ ಮಾರುವಾಗಿನ ಬೆಲೆ. ಎರಡನೆಯದು ಗೊತ್ತಿಲ್ಲದಿದ್ದರೆ ಹಿಂದಿನ ಬರದಲ್ಲಿ ಮಾರಿದವರನ್ನು ಕೇಳಿ.

ಹಂತ 5: ಸಾಲಗಳನ್ನು ಬಿಚ್ಚಿ ಹರಡಿ

ಯಾರಿಂದ, ಎಷ್ಟು, ಬಡ್ಡಿ ಎಷ್ಟು, ಕಂತು ಯಾವಾಗ, ಅಡವು ಏನು. ಇದಿಷ್ಟನ್ನು ಎಲ್ಲರೂ ಬರೆಯುತ್ತಾರೆ. ಇನ್ನೊಂದು ಕಾಲಂ ಸೇರಿಸಿ: ತಡವಾದರೆ ಏನಾಗುತ್ತದೆ? ಒಂದು ಸಾಲ ತಡವಾದರೆ ಬರೀ ಮುಖ ಗಂಟಿಕ್ಕುತ್ತಾರೆ. ಇನ್ನೊಂದು ತಡವಾದರೆ ಹೊಲ ಹೋಗುತ್ತದೆ. ಕಷ್ಟದ ತಿಂಗಳಲ್ಲಿ ಯಾವುದಕ್ಕೆ ಮೊದಲು ಕಟ್ಟಬೇಕು ಎಂದು ಹೇಳುವುದು ಈ ಕಾಲಂ. ಮನೆ ಬಾಗಿಲಿಗೆ ಬಂದು ಗದರಿಸುವವರಿಗೆ ಮೊದಲು ಕಟ್ಟುವುದು ಎಲ್ಲರ ಅಭ್ಯಾಸ. ಗದರಿಸದೆ ಪತ್ರ ಕಳಿಸುವ ಸಾಲವೇ ಕೆಲವೊಮ್ಮೆ ಹೆಚ್ಚು ಅಪಾಯದ್ದು.

ತಿಂಗಳ ಬಡ್ಡಿಯನ್ನು ವರ್ಷಕ್ಕೆ ತಿರುಗಿಸಿ ಬರೆಯಿರಿ. ತಿಂಗಳಿಗೆ ನೂರಕ್ಕೆ ಮೂರು ಅಂದರೆ ಕಡಿಮೆ ಅನ್ನಿಸುತ್ತದೆ. ವರ್ಷಕ್ಕೆ ಅದು 36. ಬಡ್ಡಿ ಕಟ್ಟದೆ ಅಸಲಿಗೆ ಸೇರುತ್ತಾ ಹೋದರೆ 42 ದಾಟುತ್ತದೆ.

ಕಂತುಗಳ ಮೊತ್ತವನ್ನು ಸರಾಸರಿ ತಿಂಗಳ ಆದಾಯಕ್ಕೆ ಹೋಲಿಸಬೇಡಿ. ಹಂತ 2ರಲ್ಲಿ ಬರೆದ ಅತಿ ಖಾಲಿ ತಿಂಗಳಿಗೆ ಹೋಲಿಸಿ. ಅಲ್ಲಿ ಕಂತು ಆದಾಯಕ್ಕಿಂತ ಜಾಸ್ತಿ ಇದ್ದರೆ, ಯಾವ ಪೆಟ್ಟೂ ಬೀಳದ ವರ್ಷದಲ್ಲೂ ನೀವು ಸಾಲ ತೀರಿಸಲು ಸಾಲ ಮಾಡುತ್ತೀರಿ. ಆ ಕಂತನ್ನು ಕೊಯ್ಲಿನ ನಂತರಕ್ಕೆ ಬದಲಿಸಿಕೊಡಿ ಎಂದು ಈಗಲೇ ಕೇಳಿ. ಬಾಕಿ ಇಲ್ಲದ ದಿನ ಕೇಳುವವರಿಗೆ ಸಿಗುವ ಉತ್ತರವೇ ಬೇರೆ.

ಎಲ್ಲ ಸಾಲವೂ ಕೊರಳಿಗೆ ಉರುಳಾಗಬೇಕೆಂದಿಲ್ಲ. ಉತ್ತರ ನೈಜೀರಿಯಾದ ಜಾರಿಯಾ ಸುತ್ತಲಿನ ಹಳ್ಳಿಗಳಲ್ಲಿ ಕ್ರಿಸ್ಟೋಫರ್ ಊಡ್ರಿ 1980ರ ದಶಕದ ಕೊನೆಯಲ್ಲಿ ನೋಡಿದ ಕೈಸಾಲಗಳು ಬಹಳ ಚೆನ್ನಾಗಿದ್ದವು. ಸಾಲಗಾರನಿಗೆ ಕೆಟ್ಟ ವರ್ಷ ಬಂದರೆ ಅವನು ಕಡಿಮೆ ವಾಪಸ್ ಕೊಡುತ್ತಿದ್ದ. ಸಾಲ ಕೊಟ್ಟವನಿಗೇ ಕೆಟ್ಟ ವರ್ಷ ಬಂದರೆ ಜಾಸ್ತಿ ವಾಪಸ್ ಬರುತ್ತಿತ್ತು. ಒಬ್ಬರನ್ನೊಬ್ಬರು ಬಲ್ಲವರ ನಡುವೆ ಮಾತ್ರ ಇದು ಸಾಧ್ಯ. ನಿಮ್ಮ ಪಟ್ಟಿಯಲ್ಲೂ ಇಂಥ ಒಂದೆರಡು ಹೆಸರು ಇದ್ದೀತು. ಅವರ ಸಾಲವನ್ನು ಒಳ್ಳೆಯ ವರ್ಷದಲ್ಲಿ ಚೊಕ್ಕವಾಗಿ ತೀರಿಸಿ. ನೀವು ಕೊಟ್ಟ ಕೈಸಾಲಗಳನ್ನೂ ಅದೇ ಪುಟದಲ್ಲಿ ಬರೆಯಿರಿ, ಅದೂ ನಿಮ್ಮ ಆಸ್ತಿಯೇ.

ಹಂತ 6: ವಿಮೆ, ಉಳಿತಾಯ, ಸರ್ಕಾರದ ನೆರವು

ಬಡವರ ಹತ್ತಿರ ಉಳಿಸಲು ಏನಿರುತ್ತದೆ ಎನ್ನುವವರಿಗೆ ಒಂದು ಮಾತು. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾಗಳ 250ಕ್ಕೂ ಹೆಚ್ಚು ಬಡ ಮನೆಗಳಲ್ಲಿ ಸಂಶೋಧಕರು ಹದಿನೈದು ದಿನಕ್ಕೊಮ್ಮೆ ಹೋಗಿ ವರ್ಷವಿಡೀ ಹಣದ ಲೆಕ್ಕ ಬರೆದರು. ಉಳಿತಾಯ, ಕೈಸಾಲ, ಚೀಟಿ, ಅಂಗಡಿ ಬಾಕಿ ಹೀಗೆ ನಾಲ್ಕಕ್ಕಿಂತ ಕಡಿಮೆ ದಾರಿ ಬಳಸಿದ ಒಂದು ಮನೆಯೂ ಸಿಗಲಿಲ್ಲ. ಆದ್ದರಿಂದ ಹೊಸದಾಗಿ ಏನೋ ಶುರು ಮಾಡುವುದಕ್ಕಿಂತ ಇರುವುದರಲ್ಲಿ ಒಂದನ್ನು ಆಸ್ಪತ್ರೆಯ ಹಣವೆಂದು ಬೇರೆ ಇಡುವುದು ಸುಲಭ. ಹಂತ 3ರ ಮೂರನೇ ಅಂಕಿ ಅದರಿಂದಲೇ ಬೆಳೆಯುತ್ತದೆ.

ವಿಮೆ ಮಾಡಿಸುವ ಮುಂಚೆ ಮೊದಲ ಪುಟ ತೆರೆದು, ಯಾವ ಕಷ್ಟಕ್ಕೆ ಯಾವ ವಿಮೆ ಎಂದು ಗೆರೆ ಎಳೆಯಿರಿ. ಒಂದೇ ಕಷ್ಟಕ್ಕೆ ಎರಡು ವಿಮೆ ಇದ್ದು, ಕಾಯಿಲೆಗೆ ಒಂದೂ ಇಲ್ಲದಿರುವುದು ಅಪರೂಪವಲ್ಲ. ಬೆಳೆ ಅಥವಾ ಹವಾಮಾನ ವಿಮೆಯಾದರೆ ನಷ್ಟವನ್ನು ಎಲ್ಲಿ ಅಳೆಯುತ್ತಾರೆ ಎಂದು ಕೇಳಿ. ನಿಮ್ಮ ಹೊಲದಲ್ಲೋ, ಇಡೀ ಪ್ರದೇಶದ ಸರಾಸರಿಯಲ್ಲೋ, ದೂರದ ಮಳೆಮಾಪಕದಲ್ಲೋ? ಮಾಪಕದ ಮೇಲೆ ಮಳೆ ಬಿದ್ದು ನಿಮ್ಮ ಹೊಲ ಒಣಗಿದರೆ ಹಣ ಬರುವುದಿಲ್ಲ. ಆ ಅಪಾಯವನ್ನು ತಿಳಿದೇ ಕಂತು ಕಟ್ಟಿ.

ಹಾಗಂತ ಅಂಥ ವಿಮೆ ದಂಡ ಎಂದೂ ಅಲ್ಲ. ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಲ್ಲಿ ಶುರುವಾದ ಜಾನುವಾರು ವಿಮೆ, ಉಪಗ್ರಹದಿಂದ ಹುಲ್ಲುಗಾವಲಿನ ಹಸಿರು ಅಳೆದು ಹಣ ಕೊಡುತ್ತಿತ್ತು. ಮರುವರ್ಷ ಬಂದ ಬರದಲ್ಲಿ ವಿಮೆ ಇದ್ದ ಅನುಕೂಲಸ್ಥ ಮನೆಗಳು ಕಡಿಮೆ ದನ ಮಾರಿದವು, ವಿಮೆ ಇದ್ದ ಬಡ ಮನೆಗಳು ಊಟ ಕಡಿಮೆ ಮಾಡಿಕೊಳ್ಳುವುದು ತಪ್ಪಿತು. ಒಂದೇ ವಿಮೆ, ಆದರೆ ಪ್ರತಿ ಮನೆ ತಾನು ಬಿಟ್ಟುಕೊಡಲಿದ್ದ ಬೇರೆ ಬೇರೆ ವಸ್ತುವನ್ನು ಉಳಿಸಿಕೊಂಡಿತು.

ಸರ್ಕಾರದ ನೆರವಿನ ವಿಷಯ ಚಿಕ್ಕದು. ಯಾವ ಕಷ್ಟಕ್ಕೆ ಏನು ಸಿಗುತ್ತದೆ, ಯಾವ ಕಾಗದ ಬೇಕು, ಎಷ್ಟು ದಿನದೊಳಗೆ ತಿಳಿಸಬೇಕು ಎಂದು ಬರೆದಿಡಿ. ನೆರವಿನ ಹಣ ಕೈಗೆ ಬರುವುದು ತಡವಾಗಬಹುದು. ಹಾಗಾಗಿ ಹಂತ 3ರ ತಿಂಗಳ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಹಂತ 7: ಯಾವ ಸೂಚನೆಗೆ ಯಾವ ಕೆಲಸ

ಈಗ ಮನೆಮಂದಿಯೆಲ್ಲ ಕೂತು ನಾಲ್ಕೈದು ಸಾಲಿನ ಒಪ್ಪಂದ ಬರೆಯಬೇಕು. 'ಬಿತ್ತನೆಯ ಸಮಯ ಕಳೆದು ಮೂರು ವಾರವಾದರೂ ಮಳೆ ಬರದಿದ್ದರೆ ಎರಡು ಆಡು ಮಾರುವುದು.' 'ಧಾನ್ಯ ಎರಡು ತಿಂಗಳಿಗೆ ಇಳಿದರೆ ಹೊರಗೆ ಮಾರುವುದು ನಿಲ್ಲಿಸುವುದು.' 'ಒಬ್ಬರು ಆಸ್ಪತ್ರೆಗೆ ಸೇರಿದರೆ ಮೊದಲು ಬೇರೆ ಇಟ್ಟ ಹಣ, ಆಮೇಲೆ ಒಡವೆ ಅಡವು, ಹೊಲದ ಮೇಲೆ ಸಾಲ ಇಲ್ಲ.' ಸೂಚನೆ ಎಲ್ಲರ ಕಣ್ಣಿಗೂ ಕಾಣುವಂಥದ್ದಾಗಿರಲಿ. 'ಪರಿಸ್ಥಿತಿ ಕೆಟ್ಟರೆ' ಎಂದು ಬರೆದರೆ ಅದು ಕೆಟ್ಟಿದೆಯೋ ಇಲ್ಲವೋ ಎಂದು ಜಗಳವಾಡುತ್ತಾ ಎರಡು ತಿಂಗಳು ಹೋಗುತ್ತದೆ.

ಬೇಗ ಮಾರುವುದು ಎಲ್ಲಕ್ಕಿಂತ ಕಷ್ಟದ ಸಾಲು. ನಾಳೆ ಮಳೆ ಬಂದೀತು ಎಂಬ ಆಸೆ ಇರುತ್ತದೆ, ಮೊದಲು ಮಾರಿದವರನ್ನು ನೋಡಿ ಊರು ಆಡಿಕೊಳ್ಳುತ್ತದೆ. ಮಳೆ ಬಂದೇಬಿಟ್ಟರೆ ಎರಡು ಆಡು ಸುಮ್ನೆ ಮಾರಿದಂತಾಗುವುದೂ ನಿಜ. ಆ ನಷ್ಟ ಚಿಕ್ಕದು, ಒಂದು ವರ್ಷದಲ್ಲಿ ತುಂಬುತ್ತದೆ. ಎಲ್ಲರ ಜೊತೆ ಕೊನೆಗೆ ಮಾರುವ ನಷ್ಟ ಎಷ್ಟು ಎಂದು ಮೇಲಿನ ಲೆಕ್ಕದಲ್ಲಿ ನೋಡಿದ್ದೀರಿ.

ಹೊಲದ ಪತ್ರ, ವಿಮೆಯ ಕಾಗದ, ಬ್ಯಾಂಕ್ ಪುಸ್ತಕ ಎಲ್ಲಿವೆ, ಖಾತೆಗೆ ನಾಮಿನಿ ಯಾರು ಎಂಬುದೂ ಇದೇ ಪುಟದಲ್ಲಿರಲಿ. ಲೆಕ್ಕವೆಲ್ಲ ಒಬ್ಬರ ತಲೆಯಲ್ಲೇ ಇರುವ ಮನೆಯಲ್ಲಿ ಆ ಒಬ್ಬರು ಹೋದರೆ, ದುಃಖದ ಜೊತೆಗೆ ಯಾರಿಗೆ ಎಷ್ಟು ಕೊಡಬೇಕು ಎಂಬುದೂ ಗೊತ್ತಿಲ್ಲದ ಸ್ಥಿತಿ. ಸಾವಿನ ಮನೆಗೆ ಬಂದು ಇಲ್ಲದ ಸಾಲ ಕೇಳುವವರೂ ಇರುತ್ತಾರೆ.

ಹಂತ 8: ಚೇತರಿಸಿಕೊಳ್ಳುವ ಸಾಲು

ಕಷ್ಟ ಕಳೆದು ಮೊದಲ ಹಣ ಕೈಗೆ ಬಂದಾಗ ಎಲ್ಲವನ್ನೂ ಸಾಲಕ್ಕೆ ಸುರಿಯುವ ಆತುರವಿರುತ್ತದೆ. ಮೊದಲು ಬಿತ್ತನೆ ಬೀಜ, ಕಸುಬಿನ ಸಾಮಾನು, ಶಾಲೆ ಬಿಟ್ಟ ಮಗುವನ್ನು ಮತ್ತೆ ಸೇರಿಸುವುದು. ನಂತರ ಅಡವಿಟ್ಟಿರುವುದರಲ್ಲಿ ಮೂರನೇ ಗುಂಪಿನದೇನಾದರೂ ಇದ್ದರೆ ಅದನ್ನು ಬಿಡಿಸುವುದು. ಆಮೇಲೆ ಹೆಚ್ಚು ಬಡ್ಡಿಯ ಸಾಲ, ಜೊತೆಗೆ ಚೂರು ಚೂರೇ ಆಸ್ಪತ್ರೆಯ ಹಣ. ಆಡು, ಒಡವೆ ಕೊನೆಗೆ. ಶಾಲೆಯನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ. ಒಂದು ವರ್ಷ ದುಡಿಮೆಗೆ ಹೋದ ಹುಡುಗ ಮತ್ತೆ ಬೆಂಚಿನ ಮೇಲೆ ಕೂರುವುದು ಕಷ್ಟ.

ಈ ನೋಟ್‌ಬುಕ್ಕನ್ನು ವರ್ಷಕ್ಕೆ ಎರಡು ಸಲ ತೆರೆಯಿರಿ, ಕೊಯ್ಲು ಮುಗಿದ ಮೇಲೆ ಮತ್ತು ಬಿತ್ತನೆಗೆ ಮುಂಚೆ. ಮೂರು ಅಂಕಿಗಳನ್ನು ಹೊಸದಾಗಿ ಬರೆದು ಹಿಂದಿನದರ ಪಕ್ಕ ಇಡಿ. ನಡುವೆ ನಿಜವಾದ ಕಷ್ಟ ಬಂದು ಹೋಗಿದ್ದರೆ, ಆಡಿಗೆ ಎಷ್ಟು ಸಿಕ್ಕಿತು, ಧಾನ್ಯದ ಬೆಲೆ ಎಲ್ಲಿಗೆ ಏರಿತು, ಯಾರು ಎಷ್ಟು ದಿನದಲ್ಲಿ ಹಣ ಕಳಿಸಿದರು ಎಂಬುದನ್ನು ದಿನಾಂಕದ ಜೊತೆ ಸೇರಿಸಿ. ಮುಂದಿನ ಸಲ ಎರಡನೇ ಬೆಲೆಯ ಕಾಲಂಗೆ ಅಂದಾಜು ಬೇಕಾಗುವುದಿಲ್ಲ, ಇದನ್ನೇ ಹಾಕಿ.